ಮಾಲಕರಿಗೊಂದು ಗುಡಿಸಿನ ದೀರ್ಘ

ಆ ಹೇಳಿಕೆಯಲ್ಲಿ ಇದ್ದದ್ದು ಮೂರೇ ವಾಕ್ಯ. ‘ನಮ್ಮ ಮಾಲೀಕರು ನನ್ನನ್ನು ಇಲ್ಲಿ ಬಿಟ್ಟು ಹೋಗಿದ್ದಾರೆ. ಶನಿವಾರ ಬಂದು ಕರೆದುಕೊಂಡು ಹೋಗುತ್ತಾರೆ. ಅವರನ್ನು ಕೇಳದೆ ನಾನು ಎಲ್ಲಿಗೂ ಹೋಗುವಂತಿಲ್ಲ.’ ಅದರ ಕೆಳಗೆ ಠಾಣೆಯ ಬರಹಗಾರರು ತಮ್ಮದೂ ಒಂದು ಸಾಲು ಸೇರಿಸಿದ್ದರು: ‘ಮಾಲೀಕನ ಹೆಸರು ಹೇಳಲು ಮಹಿಳೆ ಹೆದರುತ್ತಿದ್ದಾಳೆ.’ ಇಷ್ಟು ಓದಿದ ಮೇಲೆ ಯಾರಿಗೆ ತಾನೇ ಅನುಮಾನ ಉಳಿಯುತ್ತದೆ? ಮಾನವ ಕಳ್ಳಸಾಗಣೆಯ ಪ್ರಕರಣ ಇದಕ್ಕಿಂತ ಸ್ಪಷ್ಟವಾಗಿ ಕೈಗೆ ಸಿಗುವಂತಿರಲಿಲ್ಲ.

ನಾನು ವಕೀಲೆ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮಪ್ಪನ ಗ್ಯಾರೇಜು, ಅದರ ಮೇಲಿನ ಕೋಣೆಯಲ್ಲಿ ನನ್ನ ಕಚೇರಿ. ವಕೀಲರನ್ನು ಇಟ್ಟುಕೊಳ್ಳಲಾರದವರ ಪರವಾಗಿ ಉಚಿತವಾಗಿ ವಾದಿಸುವವರಲ್ಲಿ ನಾನೂ ಒಬ್ಬಳು. ಆ ಲೆಕ್ಕದಲ್ಲೇ ಈ ಪ್ರಕರಣ ನನ್ನ ಪಾಲಿಗೆ ಬಂತು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ನಮ್ಮೂರು, ಈ ಐದರಲ್ಲಿ ಯಾವ ಊರಲ್ಲಿ ಇದು ನಡೆಯಿತು ಎಂದು ಕೇಳಬೇಡಿ. ಹೇಳಿದರೆ ಆ ಹೆಂಗಸು ಯಾರೆಂದು ಹುಡುಕಲು ಹೊರಡುವ ಪುಣ್ಯಾತ್ಮರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ನಡೆದದ್ದು ಇಷ್ಟು. ಮೈ ಮಾರುವ ದಂಧೆ ನಡೆಯುತ್ತಿದೆಯೆಂದು ಬಾಡಿಗೆ ಮನೆಯೊಂದರ ಮೇಲೆ ಪೊಲೀಸರು ದಾಳಿ ಮಾಡಿದರು. ಮನೆ ನಡೆಸುತ್ತಿದ್ದವಳನ್ನು ಬಂಧಿಸಿದರು. ಅಲ್ಲಿ ಸಿಕ್ಕ, ಮೂವತ್ತು ದಾಟಿದ ಹೆಂಗಸೊಬ್ಬಳನ್ನು ‘ರಕ್ಷಿಸಿ’ದರು. ರಕ್ಷಿಸುವುದೆಂದರೆ ಜೀಪಿನಲ್ಲಿ ಕೂರಿಸಿ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ದೂರದ ಊರಿನ ಮಹಿಳಾ ರಕ್ಷಣಾ ಗೃಹಕ್ಕೆ ಕಳಿಸಿ ಹೊರಗಿನಿಂದ ಬೀಗ ಹಾಕುವುದು. ವಿಚಾರಣೆ ಮುಗಿದ ಮೇಲೆ ಕೋರ್ಟಿಗೆ ಸರಿಯೆನಿಸಿದರೆ ಅವಳನ್ನು ವರ್ಷಗಟ್ಟಲೆ ಅಲ್ಲೇ ಇರಿಸಬಹುದು. ಅವಳು ಅಪರಾಧಿಯಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅಪರಾಧಿಯಾಗಿದ್ದರೆ ಜಾಮೀನಾದರೂ ಸಿಗುತ್ತಿತ್ತು. ಮನೆ ನಡೆಸುತ್ತಿದ್ದವಳು ಜಾಮೀನು ಪಡೆದು ಆಗಲೇ ಹೊರಬಂದಿದ್ದಳು. ಬಲಿಪಶು ಎನಿಸಿಕೊಂಡವಳು ಒಳಗಿದ್ದಳು.

ಗೃಹಕ್ಕೆ ಹೋದೆ. ಮೇಲ್ವಿಚಾರಕಿ ಕುರ್ಚಿ ಎಳೆದುಕೊಂಡು ನಮ್ಮ ನಡುವೆಯೇ ಕುಳಿತರು. ಕಕ್ಷಿದಾರಳ ಜೊತೆ ವಕೀಲರು ಏಕಾಂತದಲ್ಲಿ ಮಾತಾಡಬೇಕು ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಅರ್ಧ ತಾಳ್ಮೆ ಖರ್ಚಾಯಿತು. ಅವರು ಎದ್ದು ಹೋದ ಮೇಲೆ ಆ ಹೆಂಗಸು ಕೇಸಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

“ಮೇಡಂ, ನಮ್ಮ ಮಾಲಕ್ರಿಗೆ ಸುದ್ದಿ ಮುಟ್ಟಸ್ರಿ,” ಎಂದಳು. “ಶುಗರ್ ಐತ್ರಿ ಅವರಿಗೆ. ನಾನು ಇಲ್ಲಂದ್ರ ಗುಳಿಗಿ ತಗೊಳ್ಳಂಗಿಲ್ಲ. ಕಾಲಿಗೆ ಗಾಯ ಬ್ಯಾರೆ ಆಗೇತಿ.”

ದಲ್ಲಾಳಿಯ ಸಕ್ಕರೆ ಕಾಯಿಲೆಗೆ ಮರುಗುವ ಬಲಿಪಶುವನ್ನು ನಾನು ಕಂಡಿರಲಿಲ್ಲ.

“ಅವರ ಹೆಸರೇನವ್ವಾ?”

ಅವಳು ಸೆರಗು ಸರಿಮಾಡಿಕೊಂಡು ಗೋಡೆ ನೋಡಿದಳು. ಅಂಥ ಜಾಗದಲ್ಲೂ ಅವಳಿಗೆ ನಾಚಿಕೆಯಾಗಿತ್ತು. “ಹೆಂಗ ಹೇಳ್ಲಿ ಮೇಡಂ? ಹೇಳಬಾರದಲ್ರಿ.”

ಆಗ ತಿಳಿಯಿತು. ನಮ್ಮ ಅಮ್ಮಿಯೂ ಹೀಗೆಯೇ. ರೇಷನ್ ಅಂಗಡಿಯಲ್ಲಿ ಅಪ್ಪನ ಹೆಸರು ಕೇಳಿದರೆ ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದರು. ಈ ಹೆಂಗಸು ಮೈಲಾರದ ಕಡೆಯ ಹಳ್ಳಿಯ ಸೊಸೆ, ತವರು ಹೊಳೆಯಾಚೆ, ಗದಗಿನ ದಿಕ್ಕು. ನಮ್ಮಲ್ಲಿ ಗಂಡನನ್ನು ‘ಯಜಮಾನರು’ ಎಂದಂತೆ ಅಲ್ಲಿನ ಹೆಂಗಸರು ‘ಮಾಲಕರು’ ಎನ್ನುತ್ತಾರೆ. ಠಾಣೆಯ ಬರಹಗಾರರು ದಕ್ಷಿಣದ ಯಾವುದೋ ಜಿಲ್ಲೆಯಿಂದ ವರ್ಗವಾಗಿ ಬಂದವರು. ಹಳ್ಳಿಯವಳ ಕನ್ನಡ ತಿದ್ದುವ ಉತ್ಸಾಹದಲ್ಲಿ ಲಕಾರಕ್ಕೊಂದು ಗುಡಿಸಿನ ದೀರ್ಘ ಎಳೆದುಬಿಟ್ಟಿದ್ದರು. ಗಂಡ ಮಾಲೀಕನಾದ, ಹೆಸರು ಹೇಳದ ಸಂಕೋಚ ಹೆದರಿಕೆಯಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಹಾಗೆ ಆ ಮಾಲೀಕನನ್ನು ಹುಡುಕಲು ಪೊಲೀಸರು ಎರಡು ಜಿಲ್ಲೆ ಸುತ್ತುತ್ತಿದ್ದರು.

ಆದರೂ ನಾನು ತಟ್ಟನೆ ಹಿಗ್ಗಲಿಲ್ಲ. ಹಿಂದೊಮ್ಮೆ ಬೇರೊಬ್ಬರ ಪ್ರಕರಣದಲ್ಲಿ, ಹರಪನಹಳ್ಳಿ ಕಡೆಯ ಒಂದು ಹುಡುಗಿ ‘ನನ್ನ ಇಷ್ಟದಿಂದಲೇ ಇದ್ದೀನಿ’ ಎಂದು ಕಟಕಟೆಯಲ್ಲಿ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ್ದನ್ನು ಕಣ್ಣಾರೆ ನೋಡಿದ್ದೆ. ಅವಳಿಗೆ ಅದನ್ನು ಕಲಿಸಿದವನು ಬಾಗಿಲಲ್ಲೇ ನಿಂತಿದ್ದ. ಹಾಗಾಗಿ ಇಷ್ಟವೋ ಬಲವಂತವೋ ಎಂದು ನಾನು ಯಾರನ್ನೂ ನೇರವಾಗಿ ಕೇಳುವುದಿಲ್ಲ. ಬೇರೆಯದನ್ನೇ ಕೇಳುತ್ತೇನೆ.

“ಫೋನ್ ಯಾರ ಹತ್ರ ಇರ್ತಿತ್ತು?”

“ನನ್ನ ಹತ್ರಾನ. ಈಗ ಸ್ಟೇಷನ್ನಾಗ ಐತ್ರಿ.”

“ಆಧಾರ್ ಕಾರ್ಡು?”

“ಮನ್ಯಾಗ ಟ್ರಂಕಿನಾಗ.”

“ರಾತ್ರಿ ಬಾಗಿಲ ಚಿಲಕ ಒಳಗಿಂದೋ ಹೊರಗಿಂದೋ?”

“ಒಳಗಿಂದ್ರಿ. ನಾನ ಹಾಕ್ಕೊಂತಿದ್ದೆ.”

“ಗಿರಾಕಿ ಬ್ಯಾಡ ಅನ್ನಿಸಿದ್ರ?”

“ಬ್ಯಾಡ ಅಂದ್ರ ಬ್ಯಾಡ. ಕುಡದು ಬಂದವನ್ನ ಒಬ್ಬವನ್ನ ಚಪ್ಪಲಿ ತಗೊಂಡು ಓಡಿಸೀನಿ.”

ಇದೇ ಪ್ರಶ್ನೆಗಳನ್ನು ಹಿಂದು ಮುಂದು ಮಾಡಿ ಮತ್ತೆ ಕೇಳಿದೆ. ಉತ್ತರ ಬದಲಾಗಲಿಲ್ಲ. ಕೊನೆಗೆ ಅವಳಿಗೇ ಬೇಜಾರು ಬಂತು.

“ಮೆಣಸಿನಕಾಯಿ ತೊಟ್ಟು ಬಿಡಿಸಾಕ ಹೋದೆ, ಕೈ ಸುಟ್ಟುಹೋದ್ವು. ಖಾನಾವಳ್ಯಾಗ ರೊಟ್ಟಿ ಬಡದೆ. ಅಲ್ಲೂ ಓನರ್ ಮೈಮ್ಯಾಲ ಕೈ ಹಾಕ್ತಿದ್ದ, ಪುಕ್ಕಟೆ. ಇದು ಚೊಲೋ ಕೆಲಸ ಅಂತ ನಾನೇನು ಅನ್ನಂಗಿಲ್ಲ ಮೇಡಂ. ಆದ್ರ ನನ್ನನ್ನ ಯಾರೂ ಕಟ್ಟಿ ಹಾಕಿದ್ದಿಲ್ಲ. ಈಗ ನೀವೆಲ್ಲ ಸೇರಿ ಹಾಕೀರಿ ನೋಡ್ರಿ.”

ಅವಳದು ಒಂದೇ ಷರತ್ತು. ಊರಲ್ಲಿ ಯಾರಿಗೂ ತಿಳಿಯಬಾರದು. ಇನ್ನೂ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆಂದೇ ಹಳ್ಳಿ ನಂಬಿತ್ತು. ಮಗಳು ಅಲ್ಲೇ ಹೈಸ್ಕೂಲಿಗೆ ಹೋಗುತ್ತಿದ್ದಳು. “ನನ್ನ ಬಿಡಸ್ರಿ, ಆದ್ರ ಊರಿಗೆ ಸುದ್ದಿ ಮುಟ್ಟಂಗಿದ್ರ ಬಿಡಿಸಬ್ಯಾಡ್ರಿ,” ಎಂದಳು. ಕೈಮುಗಿದು ಹೇಳಲಿಲ್ಲ, ಲೆಕ್ಕ ಹಾಕಿ ಹೇಳಿದಳು.

ಇಂಥ ಪ್ರಕರಣಗಳಲ್ಲಿ ಎಲ್ಲರೂ ಹಿಡಿಯುವ ದಾರಿಯನ್ನೇ ನಾನೂ ಹಿಡಿದೆ. ಹೆಂಗಸನ್ನು ಗಂಡನ ಸುಪರ್ದಿಗೆ ಕೊಡಿ ಎಂದು ಅರ್ಜಿ ಹಾಕಿದೆ. ಅದಕ್ಕೂ ಮೊದಲು ಗಂಡನನ್ನು ಹಡಗಲಿ ಬಸ್ ನಿಲ್ದಾಣಕ್ಕೆ ಕರೆಸಿ ಮಾತಾಡಿಸಿದ್ದೆ. ಪಂಪ್‌ಸೆಟ್ ಮೋಟರು ಸುಟ್ಟರೆ ತಂತಿ ಸುತ್ತಿ ರಿಪೇರಿ ಮಾಡುವವನು. ಮಲ್ಲಿಗೆ ಮಾರುವವರ ಸಾಲು ದಾಟಿಕೊಂಡು, ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತ ಬಂದ. ನೀನೇ ಕಳಿಸಿದೆಯಾ ಎಂದು ಗಡುಸಾಗಿಯೇ ಕೇಳಿದೆ.

“ನಾನು ಕಳಿಸಿಲ್ರಿ. ಬ್ಯಾಡ ಅಂದೀನಿ, ಜಗಳಾಡೀನಿ, ಮಾತು ಬಿಟ್ಟೀನಿ. ಆಕಿ ಕೇಳಲಿಲ್ಲ. ಕಡೀಗೆ ಬಸ್ ಸ್ಟ್ಯಾಂಡಿಗೆ ಬಿಟ್ಟು ಬರೋದು, ಕರಕೊಂಡು ಹೋಗೋದು ನನ್ನ ಕೆಲಸ ಆತು.” ಕಾಲಿನ ಬಟ್ಟೆ ಬಿಗಿಮಾಡಿಕೊಂಡು, “ಗುಳಿಗಿ ತಗೊಳ್ಳಾಕತ್ತಾರ ಅಂತ ಹೇಳ್ರಿ ಆಕಿಗೆ,” ಎಂದ. ಅವನೂ ಅವಳ ಹೆಸರು ಹೇಳಲಿಲ್ಲ.

ಅರ್ಜಿಯ ಸುದ್ದಿ ಕೇಳಿ ಸಬ್ ಇನ್‌ಸ್ಪೆಕ್ಟರಿಗೆ ಖುಷಿಯೋ ಖುಷಿ. “ಹೌದ್ರಿ? ಮಾಲೀಕ ಅಂದ್ರ ಗಂಡನ? ಚಲೋ ಆತು ಬಿಡ್ರಿ, ಆರೋಪಿ ಸಿಗವಲ್ಲ ಅಂತ ಒದ್ದಾಡಾಕತ್ತಿದ್ವಿ. ಹೆಂಡ್ತಿಯ ಇಂಥ ದುಡಿಮಿ ಮ್ಯಾಲ ಬದುಕೋದೂ ಕೇಸ ಆಗ್ತೈತಿ. ಕೋರ್ಟಿಗೆ ಕರಸ್ರಿ ಅವರ್ನ, ಅಲ್ಲೇ ಹಿಡಕೊಂತೀವಿ.” ಕಾನೂನಿನಲ್ಲಿ ಹಾಗೊಂದು ಕಲಮು ಇರುವುದು ನಿಜ. ತನ್ನ ಕೈಯಾರೆ ದುಡಿದು ತಿನ್ನುವವನು ಅದರಲ್ಲಿ ಬರುವುದಿಲ್ಲ ಎಂದರೆ, ಅದನ್ನು ವಿಚಾರಣೆಯಲ್ಲಿ ನೋಡೋಣ ಎಂದರು. ವಿಚಾರಣೆ ಮುಗಿಯುವಷ್ಟರಲ್ಲಿ ಅವನ ಕಾಲು ಉಳಿಯುತ್ತದೆಯೇ ಎಂದು ಕೇಳಿದ್ದಕ್ಕೆ ಜೀಪು ಹತ್ತಿ ಹೋದರು.

ಕೋರ್ಟಿನ ಕಡೆಯಿಂದ ಇನ್ನೊಂದು ಪೇಚು. ಗಂಡನಿಗೆ ಒಪ್ಪಿಸುವ ಮೊದಲು ಅವನು ನಿಜವಾದ ಗಂಡನೇ, ಇವಳನ್ನು ಸಾಕಬಲ್ಲನೇ ಎಂದು ಒಂದು ಸ್ವಯಂಸೇವಾ ಸಂಸ್ಥೆಯಿಂದ ವರದಿ ತರಿಸಬೇಕೆಂದು ಆದೇಶವಾಯಿತು. ಮಾನವ ಕಳ್ಳಸಾಗಣೆ ತಡೆಯುವ ಕೆಲಸದ ಸಂಸ್ಥೆ ಅದು. ಬೆಂಗಳೂರಿನ ಕಡೆಯವರಾದ ಅದರ ಸಂಚಾಲಕಿಗೆ ಫೋನ್ ಮಾಡಿ ಊರಿಗೆ ಹೋಗದೆ ವರದಿ ಮಾಡಲಾದೀತೇ ಎಂದು ಕೇಳಿದೆ.

“ಅದು ಹೇಗಾಗುತ್ತೆ ಮೇಡಂ? ಮನೆ ನೋಡ್ಬೇಕು. ಅಕ್ಕಪಕ್ಕದವರನ್ನ ಕೇಳ್ಬೇಕು, ಇವಳ ನಡತೆ ಹೇಗೆ ಅಂತ. ನಾಳೆ ಅವನೇ ಮಾರಿಬಿಟ್ರೆ ಯಾರು ಜವಾಬ್ದಾರಿ?”

ಅವರು ಕೆಟ್ಟವರಲ್ಲ, ಅದೇ ನನ್ನ ತಲೆನೋವು. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಊರಿಂದೂರಿಗೆ ಮಾರಿಹೋದ ಹುಡುಗಿಯರನ್ನು ಹುಡುಕಿ ತಂದವರು ಅವರು. ಆ ಹುಡುಗಿಯರ ಮುಖ ನೋಡಿ ನೋಡಿ ಎಲ್ಲ ಹೆಂಗಸರಲ್ಲೂ ಅದೇ ಮುಖ ಕಾಣುತ್ತಿತ್ತು. ಮನೆ ವಿಚಾರಣೆಯ ಮಾತು ಹೇಳಿದಾಗ ನನ್ನ ಕಕ್ಷಿದಾರಳು ಒಂದೇ ಸಾಲಿನಲ್ಲಿ ಮುಗಿಸಿದಳು: “ಹಂಗಾದ್ರ ಅರ್ಜಿ ಹರದು ಹಾಕ್ರಿ, ಇಲ್ಲೇ ಇರ್ತೀನಿ.”

ಅತ್ತ ದರಿ, ಇತ್ತ ಪುಲಿ. ಗಂಡನನ್ನು ಕರೆತಂದರೆ ಅವನು ಜೈಲಿಗೆ, ಊರಿಗೆಲ್ಲ ಸುದ್ದಿ. ಕರೆತರದಿದ್ದರೆ ಇವಳು ವರ್ಷಗಟ್ಟಲೆ ಬೀಗದ ಹಿಂದೆ.

ಅಷ್ಟರಲ್ಲಿ ಈ ವಿಷಯದ ಮೇಲೆಯೇ ನಮ್ಮೂರಲ್ಲೊಂದು ಸಂವಾದ ನಡೆಯಿತು. ಆಯ್ಕೆಯೋ ಶೋಷಣೆಯೋ ಎಂದು ಹಿಂದೆ ಬ್ಯಾನರು. ಒಂದು ಕಡೆ ಈ ಸಂಚಾಲಕಿ, ಇನ್ನೊಂದು ಕಡೆ ಲೈಂಗಿಕ ಕೆಲಸ ಮಾಡುವ ಹೆಂಗಸರ ಸಂಘದ ಮುಖಂಡೆ, ನಡುವೆ ‘ಕಾನೂನು ತಜ್ಞೆ’ ಎಂದು ನಾನು. ಬೆಂಗಳೂರಿನಿಂದ ಬಂದ ಭಾಷಣಕಾರರೊಬ್ಬರು ನನ್ನ ಪ್ರಕರಣದ ಬಗ್ಗೆ ಕೇಳಿ, “ಈ ಭಾಗ ಅಂದ್ರೆ ದೇವದಾಸಿ ಇರ್ಬೇಕಲ್ವಾ?” ಎಂದರು. ಅಲ್ಲ, ಮದುವೆಯಾದ ಹೆಂಗಸು ಎಂದಾಗ ಅವರ ಮುಖ ಸಪ್ಪಗಾಯಿತು. ಬರೆದುಕೊಂಡು ಬಂದ ಭಾಷಣ ಹಾಳಾಯಿತಲ್ಲ!

ಸಂಘದ ಮುಖಂಡೆ ಮೈಕು ಹಿಡಿದು, “ನಾವು ದೊಡ್ಡವರದೀವ್ರಿ. ನಮ್ಮ ಮೈ, ನಮ್ಮ ದುಡಿಮಿ. ನಮ್ಮನ್ನ ಕೂಸಿನಂಗ ಎತ್ತಿಕೊಂಡು ಹೋಗಬ್ಯಾಡ್ರಿ,” ಎಂದರು. ಚಪ್ಪಾಳೆ ಬಿತ್ತು. ಸಂಚಾಲಕಿ, “ಹಸಿವಿನಿಂದ ಆದ ಒಪ್ಪಿಗೆ ಒಪ್ಪಿಗೆನಾ?” ಎಂದರು. ಅದಕ್ಕೂ ಅಷ್ಟೇ ಚಪ್ಪಾಳೆ. ಮಾಲಕ, ಮಾಲೀಕ ಎಂಬ ಗೊಂದಲವನ್ನು ನಾನು ಹೆಸರೆತ್ತದೆ ವಿವರಿಸಿದೆ. ಜನ ನಕ್ಕರು. ಸಂಚಾಲಕಿ ನಗಲಿಲ್ಲ.

“ಬಿಟ್ಟು ಹೋಗ್ತಾರೆ, ಕರ್ಕೊಂಡು ಹೋಗ್ತಾರೆ, ಕೇಳದೆ ಎಲ್ಲೂ ಹೋಗಲ್ಲ. ಇದನ್ನ ಹೇಳಿದ್ದು ಹೆಂಡತಿ ಅಂದ ತಕ್ಷಣ ಎಲ್ಲ ಸರಿಹೋಯ್ತಾ ಮೇಡಂ?”

ಸರಿಹೋಗುವುದಿಲ್ಲ. ಹಾಗೆ ನೋಡಿದರೆ ಸಭೆಯಲ್ಲಿ ಕುಳಿತಿದ್ದ ಎಷ್ಟು ಗೃಹಿಣಿಯರನ್ನು ಆ ಸಂಜೆಯೇ ರಕ್ಷಿಸಬೇಕಾಗಿತ್ತೋ! ಅವರ ಬಾಯಲ್ಲಿ ಬಂದರೆ ಅದು ಸಂಸಾರ, ಇವಳ ಬಾಯಲ್ಲಿ ಬಂದರೆ ಸಾಕ್ಷ್ಯ ಎನ್ನುವುದಷ್ಟೇ ನನಗೆ ಸಿಟ್ಟು ತರಿಸುತ್ತಿತ್ತು.

ಮಿರ್ಚಿ ಮಂಡಕ್ಕಿ ತಿನ್ನುವಾಗ ಮುಖಂಡೆ ಹತ್ತಿರ ಬಂದು, “ಗೆದ್ದ ಮ್ಯಾಲ ಆಕಿನ್ನ ನಮ್ಮ ಸಭೀಗೆ ಕರಕೊಂಡು ಬರ್ರಿ, ಮಾರಿ ಮುಚ್ಚಿಕೊಂಡು ಎರಡು ಮಾತಾಡ್ಲಿ,” ಎಂದರು. ಆ ಕಡೆಯಿಂದ ಸಂಚಾಲಕಿ, ತಮ್ಮ ವರದಿಗೆ ಅವಳ ಕತೆ ಬೇಕೆಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಕೂಸಿಗೆ ಏನು ಬೇಕೆಂದು ಇಬ್ಬರೂ ಕೇಳಿರಲಿಲ್ಲ. ತಟ್ಟೆ ಅಲ್ಲೇ ಇಟ್ಟು ಎದ್ದುಬಂದೆ.

ಕಚೇರಿಗೆ ಬಂದು ಕೂತಾಗ, ನನ್ನ ಅರ್ಜಿಯೇ ಅವಳನ್ನು ಕಟ್ಟುವ ಹಗ್ಗವಾಗಿದೆ ಎಂದು ಕಂಡಿತು. ಗಂಡನಿಗೆ ಒಪ್ಪಿಸಿ ಎಂದು ಕೇಳಿದ್ದಕ್ಕೆ ತಾನೇ ಗಂಡ ಎಂಥವನು ಎಂಬ ಪ್ರಶ್ನೆ ಬಂದದ್ದು? ಮನೆ ವಿಚಾರಣೆ ಬಂದದ್ದು? ಯಾರಿಗೂ ಒಪ್ಪಿಸುವುದೇ ಬೇಡ ಎಂದರೆ? ಪ್ರಾಪ್ತ ವಯಸ್ಸಿನ, ಬೇಡವೆನ್ನುವ ಹೆಂಗಸನ್ನು ಗೃಹದಲ್ಲಿ ಹಿಡಿದಿಡಬಾರದೆಂಬ ಸುಪ್ರೀಂ ಕೋರ್ಟಿನ ನಿರ್ದೇಶನವಿತ್ತು. ಹಿರಿಯ ವಕೀಲರೊಬ್ಬರಿಗೆ ಫೋನ್ ಮಾಡಿದರೆ, “ಬ್ಯಾಡಮ್ಮಾ, ಗಂಡನ ಅರ್ಜಿ ಕೈಬಿಟ್ರ ಇದ್ದದ್ದೂ ಹೋಗ್ತೈತಿ,” ಎಂದರು. ಹೋದರೆ ಹೋಗಲಿ ಎಂದು ಬೆಳಿಗ್ಗೆ ಅರ್ಜಿ ವಾಪಸ್ ಪಡೆದೆ. ವಯಸ್ಸಿಗೆ ಶಾಲೆಯ ದಾಖಲೆ ಇಟ್ಟು, ಅವಳ ಹೇಳಿಕೆಯನ್ನು ಅವಳ ಮಾತಿನಲ್ಲೇ, ತಿದ್ದದೆ, ಮತ್ತೊಮ್ಮೆ ಬರೆದುಕೊಳ್ಳಬೇಕೆಂದು ಕೋರಿ ಹೊಸ ಅರ್ಜಿ ಹಾಕಿದೆ.

ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಿತು. ಗಂಡನನ್ನು ರಸ್ತೆಯ ಆಚೆ ಚಹಾ ಅಂಗಡಿಯಲ್ಲಿ ಕೂರಿಸಿ, ಏನೇ ಆದರೂ ಒಳಗೆ ಬರಕೂಡದು ಎಂದು ತಾಕೀತು ಮಾಡಿದ್ದೆ.

“ಗಂಡನಿಗೆ ಒಪ್ಪಿಸೋದು ಬೇಡ ಅಂತೀರಿ. ಮತ್ತೆ ಯಾರಿಗೆ ಒಪ್ಪಿಸ್ಲಿ?” ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

“ಯಾರಿಗೂ ಬೇಡ ಸ್ವಾಮಿ. ಬಿಟ್ಟರೆ ಅವಳೇ ಹೋಗುತ್ತಾಳೆ.”

ಅವರು ಅವಳ ಕಡೆ ತಿರುಗಿದರು. “ಮಾಲೀಕರು ಅಂದಿದ್ದೀಯಲ್ಲಮ್ಮ, ಯಾರವರು?”

“ಮಾಲೀಕ್ರು ಅಂದಿಲ್ರಿ, ಮಾಲಕ್ರು ಅಂದೀನಿ. ತಾಳಿ ಕಟ್ಟಿದವ್ರು.”

ಮ್ಯಾಜಿಸ್ಟ್ರೇಟರು ಸರಕಾರಿ ವಕೀಲರನ್ನು ನೋಡಿದರು. ಅವರು ಎದ್ದು ನಿಂತು ವಿರೋಧಿಸಬೇಕಾಗಿತ್ತು. ಅವರೂ ಹೊಳೆಯಾಚೆಯವರು. “ಖರೇ ಐತ್ರಿ ಸ್ವಾಮಿ,” ಎಂದು ಬಾಯ್ತಪ್ಪಿ ಹೇಳಿಬಿಟ್ಟರು, “ನಮ್ಮ ಮನ್ಯಾಗ ನನಗೂ ಹಂಗ ಅಂತಾರ.” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಗಂಡನ ಮೇಲಿನ ಕಲಮಿನ ಮಾತು ಸಬ್ ಇನ್‌ಸ್ಪೆಕ್ಟರ ಬಾಯಲ್ಲೇ ಉಳಿಯಿತು. ಮ್ಯಾಜಿಸ್ಟ್ರೇಟರು ನಮ್ಮನ್ನೆಲ್ಲ ಹೊರಗೆ ಕಳಿಸಿ ಅವಳೊಬ್ಬಳನ್ನೇ ಬಹಳ ಹೊತ್ತು ಕೇಳಿದರು. ಮಧ್ಯಾಹ್ನದ ಮೇಲೆ ಆದೇಶವಾಯಿತು: ಪ್ರಾಪ್ತ ವಯಸ್ಕಳು, ಅವಳ ಇಚ್ಛೆಯಂತೆ ಬಿಡುಗಡೆ. ಮನೆ ವಿಚಾರಣೆ ರದ್ದು.

ಕೋರ್ಟಿನ ಪಡಸಾಲೆಯಲ್ಲಿ ಸಂಚಾಲಕಿ ನನ್ನನ್ನು ತಡೆದರು. “ಬಿಡಿಸಿದ್ರಿ ಸರಿ. ಬದುಕೋಕೆ ಏನು ಕೊಟ್ರಿ? ನಾಳೆ ಮತ್ತೆ ಅದೇ ಮನೆಗೇ ಹೋಗ್ತಾಳೆ. ನೀವು ಕೇಸ್ ಮುಗಿಸಿ ಕೈ ತೊಳ್ಕೊಳ್ಳಿ, ನಾವು ಬಿಡಲ್ಲ, ಏನಾದ್ರೂ ಮಾಡ್ತೀವಿ.” ಮಾತು ಚುಚ್ಚಿತು. ಆದರೆ ಗೃಹದ ಕಚೇರಿ ಮುಚ್ಚುವ ಮೊದಲು ಆದೇಶ ತಲುಪಿಸಬೇಕಾಗಿತ್ತು. ಏನಾದರೂ ಎಂದರೆ ಏನು ಎಂದು ಕೇಳುವ ಪುರುಸೊತ್ತಿರಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ. ಗೃಹದಲ್ಲಿ ಮೇಲ್ವಿಚಾರಕಿ ಆದೇಶ ಓದಿ, “ಕರಕೊಂಡು ಹೋಗೋರು ಯಾರು? ಇಲ್ಲಿ ಸಹಿ ಬೇಕು,” ಎಂದರು. ಯಾರೂ ಇಲ್ಲ, ಅವಳೇ ಹೋಗುತ್ತಾಳೆ ಎಂದೆ. ಹಾಗೆ ಯಾರೂ ಹೋದದ್ದಿಲ್ಲ ಎಂದರು. ಬಹಳ ಹೊತ್ತು ವಾದಿಸಿದ ಮೇಲೆ, ಮಹಿಳೆಯನ್ನು ಸ್ವೀಕರಿಸಿದವರು ಎಂಬಲ್ಲಿ ಆ ಮಹಿಳೆಯೇ ಸಹಿ ಮಾಡಿ ಹೊರಬಂದಳು. ಗಂಡ ಹೆಂಡತಿ ಕೊನೆಯ ಬಸ್ಸಿಗೆ ಊರು ಸೇರಿದರು. ಖಾನಾವಳಿಯಲ್ಲಿ ಜ್ವರ ಬಂದು ಮಲಗಿದ್ದಳು ಎಂದರಂತೆ, ಊರು ನಂಬಿತಂತೆ. ನಾನೂ ಕೇಸಿನ ಕಟ್ಟಿಗೆ ದಾರ ಸುತ್ತಿ ಇಟ್ಟೆ.

ಕೆಲವು ವಾರಗಳ ಮೇಲೆ ಅವಳ ಫೋನ್ ಬಂತು.

“ಮೇಡಂ, ಆ ಸಂಸ್ಥೆಯವರು ಹೊಲಿಗಿ ಮಷೀನ್ ತಂದಿದ್ರಿ. ಟೆಂಪೋ ತಗೊಂಡು, ಬ್ಯಾನರ್ ಕಟಗೊಂಡು ಮನೀ ಮುಂದ ಬಂದಿದ್ರು. ಮಷೀನಿನ ಮ್ಯಾಲೂ ಹಳದಿ ಬಣ್ಣದಾಗ ಬರಸ್ಯಾರ.”

ವಿಳಾಸ ಮನೆ ವಿಚಾರಣೆಯ ಆದೇಶದ ಜೊತೆಗೇ ಅವರಿಗೆ ಹೋಗಿತ್ತು. ಆದೇಶ ರದ್ದಾಯಿತು, ವಿಳಾಸ ರದ್ದಾಗುತ್ತದೆಯೇ? ಏನು ಬರೆದಿದೆ, ಓದು ಎಂದೆ. ಅವಳು ಕೂಡಿಸಿಕೊಂಡು ಓದಿದಳು: “ದಮನಿತ ಮಹಿಳೆಯರ ಪುನರ್ವಸತಿಗಾಗಿ.”

ಅವಳ ಕೆಲಸದ ಹೆಂಗಸರಿಗೆ ಸರಕಾರಿ ಕಾಗದಪತ್ರಗಳಲ್ಲಿ ಕೊಟ್ಟಿರುವ ಮರ್ಯಾದೆಯ ಹೆಸರು ಅದು, ದಮನಿತ ಮಹಿಳೆ. ಗಾಬರಿಯಿಂದ ಕೇಳಿದೆ: “ಊರವರು ಏನಂದ್ರು?”

“ದಮನಿತ ಅಂದ್ರ ಏನು ಅಂತ ಎಲ್ರೂ ಕೇಳಿದ್ರಿ. ಯಾರಿಗೂ ತಿಳೀಲಿಲ್ಲ. ಮಷೀನ್ ಕಂಪನಿ ಹೆಸರು ಅಂತ ಹೇಳಿಬಿಟ್ಟೆ.”

ತಡೆಯಲಾಗದೆ ನಕ್ಕುಬಿಟ್ಟೆ.

“ನಗಬ್ಯಾಡ್ರಿ ಮೇಡಂ. ಬಾಜೂಮನಿಯಾಕಿ ತನಗೂ ದಮನಿತ ಮಷೀನ್ ಬೇಕು ಅಂತ ಬೆನ್ನ ಹತ್ತ್ಯಾಳ. ಅವರು ಮತ್ತ ಬಂದಾಗ ತಾನ ಕೇಳ್ತಾಳಂತ. ನಾನು ಹೊಲೀತೀನೋ ಇಲ್ಲೋ ನೋಡಿ ಫೋಟೋ ತಗಿಯಾಕ ತಿಂಗಳ ತಿಂಗಳ ಬರ್ತಾರಂತ್ರಿ ಅವರು.”

“ಬರಹದ ಮೇಲೆ ಬಣ್ಣ ಬಳಿದುಬಿಡು.”

“ನಮ್ಮ ಮಾಲಕ್ರೂ ಹಂಗ ಅಂದ್ರು, ಮೋಟರಿನ ವಾರ್ನಿಶ್ ಬಳೀತೀನಿ ಅಂತ. ಅಕ್ಷರ ಫೋಟೋದಾಗ ಕಾಣಬೇಕಂತ್ರಿ, ಇಲ್ಲಂದ್ರ ಮಷೀನ್ ವಾಪಸ್ ಒಯ್ತಾರಂತ.”

“ಒಯ್ಯಲಿ ಬಿಡು, ಪೀಡೆ ತೊಲಗಿತು.”

“ಒಯ್ಯಾಕೂ ಅದ ಬ್ಯಾನರಿನ ಗಾಡಿನ ಬರಬೇಕಲ್ರಿ, ಮೇಡಂ.”